ಫೋನಿನ ಗೂಡಿಗೆ ಬಂದ ದೇವರು

ಸ್ಯಾನ್ ಮಟಿಯೋದ ಆ ಮನೆಯಲ್ಲಿ ಮೊದಲ ಆರು ತಿಂಗಳು ನಮ್ಮ ದೇವರು ಕೋಟು ತೂಗುಹಾಕುವ ಕಪಾಟಿನಲ್ಲಿದ್ದರು. ಅದು ಎಂಬತ್ತನಾಲ್ಕನೆಯ ಇಸವಿ. ಎರಡಂತಸ್ತಿನ ಹಳೆಯ ಮನೆ. ಕೆಳಗೆ ಮನೆಯ ಒಡತಿ ಒಬ್ಬರೇ, ಮೇಲೆ ಬಾಡಿಗೆಗೆ ನಾವು ಮೂವರು, ನಾನು, ನಮ್ಮವರು, ಮೂರು ವರ್ಷದ ಮಗಳು. ನಮ್ಮವರಿಗೆ ರೆಡ್‌ವುಡ್ ಸಿಟಿಯಲ್ಲಿ ಎಂಜಿನಿಯರ್ ಕೆಲಸ. ನನ್ನ ವೀಸಾದಲ್ಲಿ ಕೆಲಸಕ್ಕೆ ಅನುಮತಿ ಇರಲಿಲ್ಲ. ಮೈಸೂರಿನಲ್ಲಿ ಎಂ.ಎ. ಮಾಡಿ ಬಂದವಳು ಇಲ್ಲಿ ಮಗುವನ್ನು ನೋಡಿಕೊಂಡು, ಅಡುಗೆ ಮಾಡಿಕೊಂಡು, ಗ್ರೋಸರಿ ಅಂಗಡಿಗೆ ನಡೆದು ಹೋಗಿ ಬಂದು ಮಾಡುತ್ತಿದ್ದೆ.

ಬಾಡಿಗೆ ಕರಾರಿನಲ್ಲಿ, ಮನೆಯೊಳಗೆ ಅಡುಗೆ ಒಲೆ ಬಿಟ್ಟು ಬೇರೆಲ್ಲೂ ಬೆಂಕಿ ಹಚ್ಚಕೂಡದು ಎಂದು ಒಂದು ಸಾಲಿತ್ತು. ನಮ್ಮವರು ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ನನಗೆ ತೋರಿಸಿದ್ದರು.

"ದೀಪ ಹಚ್ಚಬೇಡ ಅಂತ ನಾನು ಹೇಳ್ತಿಲ್ಲ. ಅವರ ಕಣ್ಣಿಗೆ ಬೀಳಬಾರದು, ಅಷ್ಟೆ. ಈ ಮನೆ ಬಿಡು ಅಂದ್ರೆ ಇಷ್ಟು ಹತ್ತಿರ ಇನ್ನೊಂದು ಸಿಗಲ್ಲ."

ಹಾಗಾಗಿ ಕಪಾಟು. ತಾಯಿ ಮದುವೆಯಲ್ಲಿ ಕೊಟ್ಟ ಹಿತ್ತಾಳೆಯ ಅನ್ನಪೂರ್ಣೆ, ಅಂಬೆಗಾಲಿನ ಕೃಷ್ಣ, ಗಂಡನ ಮನೆಯ ಕುಲದೇವರಾದ ಬನಶಂಕರಿಯ ಪಟ, ಎಲ್ಲವೂ ಬೂಟಿನ ಪೆಟ್ಟಿಗೆಗಳ ಮೇಲಿನ ಹಲಗೆಯಲ್ಲಿ. ಬೆಳಿಗ್ಗೆ ಕಪಾಟಿನ ಬಾಗಿಲು ತೆಗೆದು, ಕೋಟುಗಳನ್ನು ಒಂದು ಪಕ್ಕಕ್ಕೆ ಸರಿಸಿ, ಡ್ರಗ್ ಸ್ಟೋರಿನ ಹತ್ತಿಯಲ್ಲಿ ಹೊಸೆದ ಬತ್ತಿಗೆ ತುಪ್ಪ ಹಾಕಿ ದೀಪ ಹಚ್ಚುತ್ತಿದ್ದೆ. ಪಕ್ಕದಲ್ಲಿ ಒಂದು ಬಕೆಟ್ ನೀರು. ದೀಪ ಆರುವವರೆಗೂ ಅಲ್ಲೇ ಕೂತು ಕಾಯುತ್ತಿದ್ದೆ. ಭಕ್ತಿಗಿಂತ ಹೆಚ್ಚಾಗಿ ಅದು ಪಹರೆ.

ಗೌರಿ ಹಬ್ಬದ ದಿನ ಕರ್ಪೂರ ಹಚ್ಚಿದೆ. ಎರಡು ಬಿಲ್ಲೆ ಸಾಕಿತ್ತು, ಹಬ್ಬವೆಂದು ನಾಲ್ಕು ಇಟ್ಟೆ. ಹೊಗೆ ಮೇಲಕ್ಕೆ ಎದ್ದಿತೋ ಇಲ್ಲವೋ, ಹಾಲಿನ ಚಾವಣಿಯ ಅಲಾರಂ ಕಿವಿ ಕಿತ್ತುಹೋಗುವಂತೆ ಕೂಗತೊಡಗಿತು. ಮಗಳು ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು. ನಾನು ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಟವೆಲಿನಿಂದ ಗಾಳಿ ಬೀಸುತ್ತಿದ್ದೆ. ಮರದ ಮೆಟ್ಟಿಲಿನ ಮೇಲೆ ಹೆಜ್ಜೆ ಸಪ್ಪಳ ಕೇಳಿಸಿತು. ಬಾಗಿಲು ತೆಗೆದರೆ ಮನೆಯ ಒಡತಿ.

ಆಗ ಅವರಿಗೆ ಎಪ್ಪತ್ತರ ಹತ್ತಿರ. ಎತ್ತರದ ಹೆಂಗಸು. ಕಂದು ಬಣ್ಣದ ಸ್ವೆಟರು, ಕೊರಳಿನಲ್ಲಿ ಸರಕ್ಕೆ ತೂಗುಬಿದ್ದ ಕನ್ನಡಕ, ತುರುಬಿನಲ್ಲಿ ಒಂದು ಪೆನ್ಸಿಲು. "ಬೆಂಕಿ ಎಲ್ಲಿ?" ಎಂದು ಕೇಳಿದರು. ನಾನು ಕಪಾಟಿನ ಕಡೆ ಕೈ ತೋರಿಸಿದೆ. ಅವರು ಮೊದಲು ಪೊರಕೆಯ ಹಿಡಿಯಿಂದ ಅಲಾರಮಿನ ಗುಂಡಿ ಒತ್ತಿ ಅದನ್ನು ಸುಮ್ಮನಾಗಿಸಿದರು. ಆಮೇಲೆ ಕನ್ನಡಕ ಏರಿಸಿ ಕಪಾಟಿನೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಮನಸ್ಸಿನಲ್ಲೇ ಸಾಮಾನು ಕಟ್ಟಲು ಶುರುಮಾಡಿದ್ದೆ.

"ಇವರು ನಿಮ್ಮ ಮನೆಯ ದೇವರುಗಳಾ?" ಎಂದರು ಇಂಗ್ಲಿಷಿನಲ್ಲಿ.

ಬರಿಯ ದೇವರು ಎನ್ನಲಿಲ್ಲ, ಮನೆಯ ದೇವರು ಎಂದರು. ಮನೆದೇವರು ಎನ್ನುವ ಮಾತು ನಮ್ಮಲ್ಲಿ ಎಷ್ಟು ಸಹಜ! ಆದರೆ ಇಂಗ್ಲಿಷಿನಲ್ಲಿ ಯಾರಾದರೂ ಅದನ್ನು ಆಡಿದ್ದು ನಾನು ಕೇಳಿದ್ದು ಅದೇ ಮೊದಲು.

ಹೌದೆಂದೆ. ಕ್ಷಮೆ ಕೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ತಾವು ನಲವತ್ತು ವರ್ಷ ಶಾಲೆಯಲ್ಲಿ ಲ್ಯಾಟಿನ್ ಕಲಿಸಿದವರೆಂದೂ, ಹಳೆಯ ರೋಮಿನಲ್ಲಿ ಮನೆಮನೆಗೂ ಹೀಗೇ ದೇವರ ಜಾಗ ಇರುತ್ತಿತ್ತೆಂದೂ ಹೇಳಿದರು. ಮನೆ ಕಾಯುವ ದೇವರಿಗೆ ಅವರು ಲಾರ್ ಎನ್ನುತ್ತಿದ್ದರಂತೆ. ಉಗ್ರಾಣವನ್ನು ಕಾಯುವವರು ಬೇರೆಯಂತೆ. ಒಲೆಗೇ ಒಬ್ಬ ದೇವತೆಯಂತೆ. "ಕಪಾಟೂ ಹೊಸದಲ್ಲ. ಜ್ವಾಲಾಮುಖಿಯ ಬೂದಿಯ ಕೆಳಗೆ ಒಂದು ಮರದ ಕಪಾಟು ಸಿಕ್ಕಿದೆ. ಮೇಲೆ ದೇವರ ಮಂಟಪ, ಕೆಳಗೆ ಸಾಮಾನು. ಸುಟ್ಟು ಇದ್ದಿಲಾಗಿದ್ದರೂ ನಿಂತೇ ಇತ್ತು" ಎಂದರು. ಕೋಟುಗಳನ್ನು ಮುಟ್ಟಿ ನೋಡಿ, "ಆದರೆ ಅವರು ಉಣ್ಣೆಯ ಕೋಟಿನ ಮಧ್ಯೆ ದೀಪ ಹಚ್ಚುತ್ತಿರಲಿಲ್ಲ. ನನ್ನ ಮನೆಯೂ ಸುಟ್ಟೀತು, ನಿಮ್ಮ ದೇವರೂ ಸುಟ್ಟಾರು" ಎಂದರು.

ಆಮೇಲೆ ಹಾಲಿನ ಇನ್ನೊಂದು ತುದಿಗೆ ನಡೆದರು. ಐವತ್ತು ವರ್ಷದ ಹಿಂದೆ ಕಟ್ಟಿದ ಮನೆ ಅದು. ದಪ್ಪ ಗಾರೆಯ ಗೋಡೆ. ಗೋಡೆಯೊಳಗೆ ಕಮಾನಿನ ಒಂದು ಗೂಡಿತ್ತು, ಟೆಲಿಫೋನ್ ಇಡಲೆಂದೇ ಮಾಡಿದ್ದು. ಅಂಥ ಗೂಡು ಆ ಕಾಲದ ಮನೆಗಳಲ್ಲಿ ಎಲ್ಲ ಕಡೆ ಇತ್ತಂತೆ. ಅವರು ಫೋನನ್ನು ಎತ್ತಿ ನೆಲದ ಮೇಲೆ ಇಟ್ಟರು. ಗೂಡಿನ ಧೂಳನ್ನು ತಮ್ಮ ಸ್ವೆಟರಿನ ತೋಳಿನಿಂದಲೇ ಒರೆಸಿದರು.

"ಇದು ಸಾಕಾಗುತ್ತದಾ?"

"ಕರಾರು?" ಎಂದೆ.

"ಅದನ್ನು ಟೈಪ್ ಮಾಡಿದವಳು ನಾನೇ" ಎಂದು ಕೆಳಗೆ ಇಳಿದು ಹೋದರು.

ಸಂಜೆ ನಮ್ಮವರು ಬಂದು ನೆಲದ ಮೇಲಿದ್ದ ಫೋನಿನ ವೈರಿಗೆ ಕಾಲು ಎಡವಿದರು. ನಡೆದದ್ದನ್ನು ಹೇಳಿದರೆ ನಂಬಲೇ ಇಲ್ಲ. ಕೆಳಗೆ ಹೋಗಿ ಖಾತ್ರಿ ಮಾಡಿಕೊಂಡು ಬಂದರು. ಬರುವಾಗ ಕೈಯಲ್ಲಿ ಒಡತಿಯ ತೋಟದ ನಾಲ್ಕು ಗುಲಾಬಿ. "ಹೂವು ಬೇಕಾದ್ರೆ ದಿನಾ ಕಿತ್ಕೋಬಹುದಂತೆ" ಎಂದರು, ಯಾವುದೋ ಪರೀಕ್ಷೆ ಪಾಸಾದವರ ಹಾಗೆ.

ಒಡತಿ ಪಾಠ ಮಾಡುತ್ತಿದ್ದ ಶಾಲೆ ಲ್ಯಾಟಿನ್ ಬೇಡವೆಂದು ನಿಲ್ಲಿಸಿಬಿಟ್ಟಿತ್ತು. ಈಗ ದೊಡ್ಡವರಿಗಾಗಿ ಬುಧವಾರ ಸಂಜೆ ಒಂದು ತರಗತಿ ನಡೆಸುತ್ತಿದ್ದರು. ಮುಂದಿನ ವರ್ಷ ನನ್ನನ್ನೂ ಕರೆದರು. ಮಗಳನ್ನು ನಮ್ಮವರ ಕೈಗೆ ಕೊಟ್ಟು ನಾನು ಹೋದೆ. ಅಮೆರಿಕಕ್ಕೆ ಬಂದ ಮೇಲೆ ಒಬ್ಬಳೇ ಎಲ್ಲಾದರೂ ಹೋದದ್ದು ಅದೇ ಮೊದಲು. ತರಗತಿಯಲ್ಲಿ ಏಳು ಜನ. ಒಬ್ಬರು ರಿಟೈರಾದ ಹಲ್ಲಿನ ಡಾಕ್ಟರು, ಒಬ್ಬರು ನರ್ಸು, ಉಳಿದವರು ಯಾರು ಯಾಕೆ ಬರುತ್ತಿದ್ದರೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ವ್ಯಾಕರಣ ನನಗೆ ಕಷ್ಟವಾಗಲಿಲ್ಲ. ವಿಭಕ್ತಿಪ್ರತ್ಯಯ ನಮಗೆ ಹೊಸದೇ? ಆದರೆ ನಾನು ಕಾಯುತ್ತಿದ್ದುದು ಕೊನೆಯ ಅರ್ಧ ಗಂಟೆಗೆ. ದೀಪ ಆರಿಸಿ ಗೋಡೆಯ ಮೇಲೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪಾಂಪೇ ನಗರದ ಚಿತ್ರ ತೋರಿಸುತ್ತಿದ್ದರು. ಗೋಡೆಯಲ್ಲಿ ಗೂಡು, ಗೂಡಿನೊಳಗೆ ಬಣ್ಣದ ಚಿತ್ರ. ನಡುವೆ ಮನುಷ್ಯರೂಪದಲ್ಲಿ ಮನೆಯ ಯಜಮಾನನ ಚೈತನ್ಯ, ತಲೆಯ ಮೇಲೆ ಬಟ್ಟೆ ಹೊದ್ದು ಅಗ್ನಿಗೆ ಏನೋ ಸುರಿಯುತ್ತಿರುವಂತೆ. ಎರಡು ಪಕ್ಕದಲ್ಲೂ ಕುಣಿಯುವ ಲಾರ್‌ಗಳು, ಗಿಡ್ಡ ಅಂಗಿ ಹಾರಾಡುತ್ತಿದೆ. ಕೆಳಗೆ ದೊಡ್ಡ ಎರಡು ಹಾವು, ಮೊಟ್ಟೆಯ ಕಡೆಗೆ ಹೆಡೆ ಎತ್ತಿವೆ.

"ಹಾವು ಯಾಕೆಂದು ಯಾರಾದರೂ ಊಹಿಸುತ್ತೀರಾ?" ಎಂದು ಅವರು ಕೇಳಿದಾಗ ಉಳಿದವರು ಪಾಪ, ವಿಷ ಎಂದೆಲ್ಲ ಏನೇನೋ ಹೇಳಿದರು. ನಾನು, "ಆ ಜಾಗ ಅದರದು. ನಾವು ಆಮೇಲೆ ಬಂದವರು" ಎಂದೆ. ಕತ್ತಲಲ್ಲಿ ಅವರ ಮುಖ ಕಾಣಲಿಲ್ಲ. "ಹೌದು," ಎಂದರು, "ಬಹಳ ಜನ ಪಂಡಿತರು ಇದನ್ನೇ ಬಹಳ ಉದ್ದವಾಗಿ ಬರೆದಿದ್ದಾರೆ."

ಒಂದು ಬುಧವಾರ ತೋರಿಸಿದ ಚಿತ್ರವನ್ನು ನಾನು ಮರೆತಿಲ್ಲ. ಅದು ದೊಡ್ಡ ಮನೆಯೊಂದರ ಅಡುಗೆಮನೆ. ಒಲೆಯ ಪಕ್ಕದ ಮಸಿ ಹಿಡಿದ ಗೋಡೆಯ ಮೇಲೆ ಒರಟಾಗಿ ಬರೆದ ದೇವರ ಚಿತ್ರ, ಅದರ ಬದಿಯಲ್ಲೇ ಹಂದಿಯ ತಲೆ, ಕೋಲಿಗೆ ಚುಚ್ಚಿದ ಮೀನು. ಮನೆಯವರಿಗೆ ಮುಂದಿನ ಅಂಗಳದಲ್ಲಿ ಅಮೃತಶಿಲೆಯ ಚೆಂದದ ಗುಡಿಯಿತ್ತಂತೆ. ಅಡುಗೆಮನೆಯದು ಅಡುಗೆ ಮಾಡುವ ಗುಲಾಮರಿಗೆ. ಅವರಿಗೆ ಸ್ವಂತ ಮನೆಯಿಲ್ಲ, ಹೆಂಡತಿಮಕ್ಕಳು ತಮ್ಮವರೆಂಬ ಹಕ್ಕಿಲ್ಲ. ಆದರೂ ಮನೆಯ ಲಾರ್ ಅವರಿಗೂ ಸೇರಿದವನು. ಹಬ್ಬದ ದಿನ ಒಲೆಗೆ ಹೂಮಾಲೆ ಹಾಕುವ ಕೆಲಸ ಅನೇಕ ಕಡೆ ಗುಲಾಮ ಹೆಂಗಸಿನದೇ.

ಮನೆಗೆ ನಡೆದು ಬರುವಾಗ ನನಗೆ ಮೈಸೂರಿನ ನಮ್ಮ ತಾಯಿಯ ಮನೆ ನೆನಪಾಯಿತು. ಇಪ್ಪತ್ತು ವರ್ಷ ನಮ್ಮಲ್ಲಿ ಕೆಲಸ ಮಾಡಿದ ಹೆಂಗಸೊಬ್ಬಳಿದ್ದಳು. ಪೂಜೆಯ ಪಾತ್ರೆಗಳನ್ನು ಹುಣಿಸೆಹಣ್ಣು ಹಾಕಿ ಬಂಗಾರದಂತೆ ತಿಕ್ಕಿ ಹಿತ್ತಿಲಿನ ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ಅಜ್ಜಿ ಅವುಗಳ ಮೇಲೆ ಮತ್ತೆ ನೀರು ಹಾಕಿಯೇ ಒಳಗೆ ತರುತ್ತಿದ್ದರು. ಆ ಪಾತ್ರೆಗಳು ಯಾವ ದೇವರ ಮುಂದೆ ಕೂರುತ್ತವೆಂದು ಅವಳು ಒಮ್ಮೆಯೂ ನೋಡಲಿಲ್ಲ. ನಾನೂ ಅವಳಿಗೆ ತೋರಿಸಬೇಕೆಂದು ಅಂದುಕೊಳ್ಳಲಿಲ್ಲ. ಏಳು ಸಮುದ್ರ ದಾಟಿ, ಯಾರದೋ ಸುಟ್ಟ ಅಡುಗೆಮನೆ ನೋಡಿದಾಗ ಅದು ತಪ್ಪೆಂದು ತೋರಿತು. ಅಜ್ಜಿ ಕೆಟ್ಟವರಲ್ಲ, ಅವಳಿಗೆ ಜ್ವರ ಬಂದರೆ ಗಂಜಿ ಕಳಿಸುತ್ತಿದ್ದರು. ಆದರೆ ಹೊಸಲು ಹೊಸಲೇ ಆಗಿತ್ತು.

ಎಂಬತ್ತಾರರಲ್ಲಿ ಹುಬ್ಬಳ್ಳಿಯಿಂದ ನಮ್ಮ ಅತ್ತೆ ಬಂದರು. ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಆರು ತಿಂಗಳು ಇರುವುದೆಂದು ಬಂದವರು. ಹಾಲಿಗೆ ಕಾಲಿಡುತ್ತಲೇ ಗೂಡನ್ನು ನೋಡಿ, "ಏ, ಇಲ್ಲೂ ಮಾಡ ಅದ!" ಎಂದು ಖುಷಿಪಟ್ಟರು. ಗೋಡೆಯ ಗೂಡಿಗೆ ಅವರ ಕಡೆ ಮಾಡ ಎನ್ನುತ್ತಾರೆ. ಅದು ಫೋನಿಗೆ ಮಾಡಿದ್ದೆಂದು ನಾನು ಹೇಳಲಿಲ್ಲ. ಕೆಲವು ದಿನದಲ್ಲೇ ಪೂಜೆ ಅವರ ಕೈಗೆ ಹೋಯಿತು. ಬೆಳಿಗ್ಗೆ ಸ್ನಾನ ಮಾಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಗಳಿಗೆ ಹೂವಿನ ಬುಟ್ಟಿ ಹಿಡಿಸಿ ಕೂರುತ್ತಿದ್ದರು. ಒಡತಿಯನ್ನು ಕಂಡರೆ ಅವರಿಗೆ ಗೌರವ. ಹುಬ್ಬಳ್ಳಿ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಅತ್ತೆಗೆ ಒಡತಿ ಅಕ್ಕೋರೇ ಆದರು.

ಅಕ್ಟೋಬರಿನಲ್ಲಿ ಒಡತಿ ನನ್ನನ್ನು ಒಂದು ಮಾತು ಕೇಳಿದರು. ತರಗತಿಯವರನ್ನು ಒಂದು ಬೆಳಿಗ್ಗೆ ಕರೆತರಬಹುದೇ? ಅತ್ತೆ ಪೂಜೆ ಮಾಡುವುದನ್ನು ಅವರು ಹಿಂದೆ ನಿಂತು ನೋಡಲಿ. ಸತ್ತುಹೋದ ಒಂದು ಪದ್ಧತಿ ಜೀವಂತವಿದ್ದರೆ ಹೇಗಿರುತ್ತದೆಂದು ಗೊತ್ತಾಗಲಿ. ನನಗೆ ಹೆಮ್ಮೆಯೆನಿಸಿತು. ಆಗಲಿ ಎಂದುಬಿಟ್ಟೆ. ಅತ್ತೆಗೆ ಹೇಳಿದಾಗ ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

"ಯಾರವಾ ಬರೋರು?"

"ನಮ್ಮ ಕ್ಲಾಸಿನವರು ಅತ್ತೆ. ಒಳ್ಳೆಯವರು. ಸುಮ್ಮನೆ ನೋಡ್ತಾರೆ."

"ನಮಸ್ಕಾರ ಮಾಡತಾರೇನು?"

"ಇಲ್ಲ… ನೋಡ್ತಾರೆ, ಬರ್ಕೋತಾರೆ."

"ಹಂಗಾರ ಬ್ಯಾಡ" ಎಂದರು. "ದೇವರನ್ನ ಕಾಣಲಿಕ್ಕೆ ಬರೋರು ಬ್ಯಾರೆ, ದೇವರ ಪೂಜಿ ಹೆಂಗ ಮಾಡತಾರ ಅಂತ ನೋಡಲಿಕ್ಕೆ ಬರೋರು ಬ್ಯಾರೆ. ನಾ ಏನು ಪ್ರದರ್ಶನಕ್ಕ ಕೂತೀನೇನು? ನೀ ಕೇಳದ ಹೂಂ ಅಂದಿ, ಅದು ತಪ್ಪು."

ಸಂಜೆ ನಮ್ಮವರು ನಡುವೆ ಬಂದು, "ಅವ್ವಾ, ಅವರು ನಮಗ ಎಷ್ಟು ಉಪಕಾರ ಮಾಡ್ಯಾರ ಗೊತ್ತೇನು?" ಎಂದು ಒತ್ತಿ ನೋಡಿದರು. ಅತ್ತೆ, "ಉಪಕಾರಕ್ಕ ಹೋಳಿಗಿ ಮಾಡಿ ಕೊಡತೀನಿ. ದೇವರನ್ನ ಕೊಡೂದಿಲ್ಲ" ಎಂದು ಮುಗಿಸಿದರು.

ನಾನು ನಾಚಿಕೆಯಿಂದ ಕೆಳಗೆ ಹೋಗಿ ಆಗುವುದಿಲ್ಲವೆಂದೆ. ಕಾರಣ ಮುಚ್ಚಿಡಲು ಬರಲಿಲ್ಲ. ಅತ್ತೆ ಹೇಳಿದ್ದನ್ನೇ ಹೇಳಿದೆ. ಒಡತಿಯ ಮುಖ ಕೆಂಪಾಯಿತು. ಸಿಟ್ಟು ಬಂತೆಂದುಕೊಂಡೆ. ಮರುದಿನ ಅವರು ಒಬ್ಬರೇ ಮೇಲೆ ಬಂದರು. ಬಾಗಿಲಲ್ಲಿ ಬೂಟು ಬಿಚ್ಚಿದರು. ಅತ್ತೆ ಆಗಷ್ಟೆ ಮಂಗಳಾರತಿ ಮುಗಿಸಿ ತಲೆಯ ಸೆರಗು ತೆಗೆಯದೆ ಕೂತಿದ್ದರು.

"ನೀವು ಹೇಳಿದ್ದು ಸರಿ. ನನಗೆ ನಲವತ್ತು ವರ್ಷ ಸತ್ತವರ ಮನೆಗೆ ಹೋಗಿಬಂದು ರೂಢಿಯಾಗಿದೆ. ಅಲ್ಲಿ ಬಾಗಿಲು ತಟ್ಟಿ ಕೇಳುವುದಿಲ್ಲ. ಇಲ್ಲಿ ಕೇಳಬೇಕೆಂಬುದು ಮರೆತುಹೋಯಿತು" ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಅತ್ತೆ ಅವರನ್ನು ಕೂರಿಸಿದರು. ಕೈಗೆ ಕೊಬ್ಬರಿ-ಸಕ್ಕರೆ ಹಾಕಿದರು. ಆಮೇಲೆ ತಾವೇ ಪ್ರಶ್ನೆ ಕೇಳಲು ಶುರುಮಾಡಿದರು. ಆ ರೋಮಿನವರ ದೇವರಿಗೆ ನೈವೇದ್ಯಕ್ಕೆ ಏನು? ಉಪ್ಪು, ಹಿಟ್ಟು, ಹಣ್ಣು, ಜೇನು, ಒಂದು ಗುಟುಕು ದ್ರಾಕ್ಷಾರಸ. ದಿನವೂ ಏನು ಮಾಡುತ್ತಿದ್ದರು? ಮನೆಯವರೆಲ್ಲ ಊಟಕ್ಕೆ ಕೂತಾಗ ದೇವರ ಪಾಲನ್ನು ಸಣ್ಣ ತಟ್ಟೆಯಲ್ಲಿ ಒಲೆಗೆ ಹಾಕುತ್ತಿದ್ದರು.

"ನಮ್ಮ ಅತ್ತಿನೂ ಒಲಿಗೆ ಎರಡು ಅಗಳು ಹಾಕದ ಊಟಕ್ಕ ಕೂಡತಿರಲಿಲ್ಲ" ಎಂದು ಅತ್ತೆ ನನ್ನ ಕಡೆ ತಿರುಗಿದರು. "ಕೇಳು, ಈಗ ಆ ದೇವರಿಗೆ ದೀಪ ಯಾರು ಹಚ್ಚತಾರಂತ."

"ಯಾರೂ ಇಲ್ಲ" ಎಂದರು ಒಡತಿ. "ಒಬ್ಬ ಚಕ್ರವರ್ತಿ ಕಾನೂನು ಮಾಡಿದ. ಯಾರೂ ತಮ್ಮ ಮನೆಯೊಳಗೆ ಗುಟ್ಟಾಗಿಯೂ ಲಾರ್‌ಗೆ ದೀಪ ಹಚ್ಚಬಾರದು, ಧೂಪ ಹಾಕಬಾರದು, ಮಾಲೆ ಕಟ್ಟಬಾರದು ಎಂದು. ಸಾವಿರದ ಆರುನೂರು ವರ್ಷದ ಹಿಂದೆ."

ಅತ್ತೆ ಕೇಳಿ ಬೆಚ್ಚಿದರು. ಚರಿತ್ರೆಯ ಸಂಗತಿ ಕೇಳಿದವರ ಹಾಗಲ್ಲ, ಓಣಿಯಲ್ಲಿ ಯಾರದೋ ಮನೆ ಮುರಿದ ಸುದ್ದಿ ಕೇಳಿದವರ ಹಾಗೆ. "ಅಯ್ಯೋ! ಅಂದರ ಅವು ಅಷ್ಟು ವರ್ಷದಿಂದ ಉಪಾಸ ಅದಾವೇನು?"

ಈ ಮಾತನ್ನು ಇಂಗ್ಲಿಷಿಗೆ ತರಲು ನನಗೆ ಸಂಕೋಚವಾಯಿತು. ಐದು ವರ್ಷದ ಮಗಳಿಗೆ ಅಂಥ ಸಂಕೋಚವಿರಲಿಲ್ಲ. ಬಾಯಲ್ಲಿ ಕೊಬ್ಬರಿ ಇಟ್ಟುಕೊಂಡೇ, "ಅಜ್ಜಿ ಈಸ್ ಸೇಯಿಂಗ್ ದೇ ಆರ್ ಹಂಗ್ರಿ" ಎಂದಳು.

ಒಡತಿ ನಗಲಿಲ್ಲ. ತಮ್ಮಲ್ಲೂ ಒಬ್ಬ ಲಾರ್ ಇದ್ದಾನೆ, ಅಂಗೈಯಷ್ಟು ಕಂಚಿನದು, ನೇಪಲ್ಸಿನ ಮ್ಯೂಸಿಯಮ್ಮಿನಲ್ಲಿ ಕೊಂಡ ನಕಲು, ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿರುವುದಾಗಿ ಹೇಳಿದರು. ಅತ್ತೆಗೆ ಇದು ಇನ್ನೂ ತಡೆಯಲಾಗದ ಮಾತಾಯಿತು. ದೇವರನ್ನು ಕಾಗದದ ಮೇಲೆ ಕೂರಿಸುವುದೇ? ಇಲ್ಲಿಗೆ ತರಲಿ, ಮಾಡದಲ್ಲಿ ಜಾಗ ಅದ, ನಮ್ಮವರ ಜೊತೆ ಅವನಿಗೂ ಒಂದು ಹೂ ಹಾಕಿದರಾಯಿತು ಎಂದರು.

ಒಡತಿ ತಲೆಯಾಡಿಸಿದರು. "ಅವರ ಮನಸ್ಸು ದೊಡ್ಡದು. ಆದರೆ ನಾನು ಅದನ್ನು ನಂಬುವುದಿಲ್ಲ. ಸತ್ತವರ ವೇಷ ಹಾಕಬೇಡಿ, ಅವರನ್ನು ಅರ್ಥಮಾಡಿಕೊಳ್ಳಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವಳು ನಾನು. ಈಗ ನಾನೇ ವೇಷ ಹಾಕಲಾ?"

ನಾನು ತಿಳಿಸಿ ಹೇಳಿದೆ. ಅತ್ತೆ ಒಡತಿಯ ಮೊಣಕೈ ಮುಟ್ಟಿ, ಅವರಿಗೆ ಕನ್ನಡ ಬರುತ್ತದೆಂಬಂತೆ ನೇರವಾಗಿಯೇ ಹೇಳಿದರು: "ನಂಬೂದು ಆಮ್ಯಾಲೆ ಆತು ಅಕ್ಕೋರ. ಮೊದಲ ಒಂದು ಹನಿ ನೀರು ಇಡ್ರಿ."

ಅದಾಗಿ ಮೂರು ವಾರಕ್ಕೆ ದೀಪಾವಳಿ. ಅತ್ತೆ ಹೋಳಿಗೆ ಮಾಡಿ ನನ್ನನ್ನೂ ಕರೆದುಕೊಂಡು ಕೆಳಗೆ ಹೋದರು. ಒಡತಿಯ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಆ ಕಂಚಿನ ಯುವಕ ನಿಂತಿದ್ದ. ಒಂದು ಕೈಯಲ್ಲಿ ಎತ್ತಿದ ಕೊಂಬು, ಇನ್ನೊಂದರಲ್ಲಿ ತಟ್ಟೆ. ಮುಂದೆ ಗಾಜಿನ ಪುಟ್ಟ ಬಟ್ಟಲಲ್ಲಿ ಒಂದು ಚಿಟಿಕೆ ಉಪ್ಪು. ಒಡತಿ ನಾವು ನೋಡಿದ್ದನ್ನು ನೋಡಿ, "ಇದೊಂದು ಪ್ರಯೋಗ" ಎಂದು ಬೇಗ ಹೇಳಿದರು. ನಾನು ಅನುವಾದಿಸುವ ಮೊದಲೇ ಅತ್ತೆ, "ಇರಲಿ, ಇರಲಿ" ಎಂದು ಹೋಳಿಗೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಬೇರೆ ಮಾತಿಗೆ ತಿರುಗಿದರು. ಮತ್ತೆಂದೂ ಆ ವಿಷಯ ಎತ್ತಲಿಲ್ಲ. ಜನವರಿಯಲ್ಲಿ ಊರಿಗೆ ಹೊರಡುವಾಗ ಇಬ್ಬರೂ ಅಂಗಳದಲ್ಲಿ ಕೈ ಹಿಡಿದುಕೊಂಡು ನಿಂತಿದ್ದರು. ಒಬ್ಬರ ಮಾತು ಒಬ್ಬರಿಗೆ ಬಾರದು. ಏರ್‌ಪೋರ್ಟಿಗೆ ಹೊತ್ತಾಯಿತೆಂದು ನಮ್ಮವರು ಮೂರು ಸಲ ಹಾರ್ನ್ ಮಾಡಿದರು.

ಎಂಬತ್ತೊಂಬತ್ತರ ಅಕ್ಟೋಬರಿನಲ್ಲಿ ಭೂಕಂಪವಾದಾಗ ಸಂಜೆ ಐದು ದಾಟಿತ್ತು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಮೊದಲು ಲಾರಿ ಹೋಯಿತೆಂದುಕೊಂಡೆ. ಆಮೇಲೆ ನೆಲವೇ ಅಲೆಯಾಯಿತು. ಶಾಲೆಯಲ್ಲಿ ಕಲಿಸಿದಂತೆ ಮಗಳು ಮೇಜಿನ ಕೆಳಗೆ ನುಗ್ಗಿ, "ಅಮ್ಮಾ, ಡಕ್! ಡಕ್!" ಎಂದು ಕೂಗಿದಳು. ನಾನು ಬಗ್ಗಿ ಅವಳನ್ನು ತಬ್ಬಿಕೊಂಡೆ. ಹಾಲಿನಲ್ಲಿ ದೇವರುಗಳು ಒಂದೊಂದಾಗಿ ನೆಲಕ್ಕೆ ಬೀಳುವ ಸದ್ದು ಕೇಳಿಸಿತು. ದೀಪ ಇನ್ನೂ ಹಚ್ಚಿರಲಿಲ್ಲ, ಅದೊಂದು ಪುಣ್ಯ.

ನಡುಕ ನಿಂತ ಮೇಲೆ ಚಪ್ಪಲಿಯಿಲ್ಲದೆ ಮಗಳ ಕೈ ಹಿಡಿದು ಕೆಳಗೆ ಓಡಿದೆ. ಒಡತಿ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಸುತ್ತಲೂ ಪಿಂಗಾಣಿ ಚೂರು. ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು. "ಬರಬೇಡಿ, ಕಾಲಿಗೆ ಚುಚ್ಚುತ್ತದೆ" ಎಂದು ಅವರೇ ನಮ್ಮನ್ನು ತಡೆದರು. ಪೊರಕೆ ತಂದು ದಾರಿ ಮಾಡಿ ಅವರನ್ನು ಎಬ್ಬಿಸಿದೆ. ಟವೆಲಿನಿಂದ ಕೈಗೆ ಜೋಳಿಗೆ ಕಟ್ಟಿದೆ. ಮೂವರೂ ಮುಂಬಾಗಿಲ ಮೆಟ್ಟಿಲ ಮೇಲೆ ಕೂತೆವು. ಫೋನಿಲ್ಲ, ಕರೆಂಟಿಲ್ಲ. ಪಕ್ಕದ ಮನೆಯವರು ಕಾರಿನ ರೇಡಿಯೋ ಜೋರಾಗಿ ಹಾಕಿದ್ದರು. ಓಕ್‌ಲ್ಯಾಂಡಿನಲ್ಲಿ ಫ್ರೀವೇ ಕುಸಿದಿದೆ ಎಂದಿತು. ನಮ್ಮವರು ಬರುವ ಫ್ರೀವೇ ಅದಲ್ಲವೆಂದು ತಿಳಿದಿದ್ದರೂ ನಾನು ಮತ್ತೆ ಮತ್ತೆ ಎದ್ದು ರಸ್ತೆಯ ತಿರುವಿನ ಕಡೆ ನೋಡುತ್ತಿದ್ದೆ. ಒಡತಿ ನೋವಿನಲ್ಲೂ ಮಗಳಿಗೆ ಲ್ಯಾಟಿನ್ನಿನಲ್ಲಿ ಒಂದರಿಂದ ಇಪ್ಪತ್ತು ಕಲಿಸುತ್ತಿದ್ದರು. ಕತ್ತಲಾಗುವ ಹೊತ್ತಿಗೆ ನಮ್ಮವರ ಕಾರು ತಿರುವಿನಲ್ಲಿ ಕಂಡಿತು. ಸಿಗ್ನಲ್ಲುಗಳೆಲ್ಲ ಕೆಟ್ಟು ದಾರಿಗೇ ಎರಡು ಗಂಟೆ ಹಿಡಿದಿತ್ತು. ಅವರು ಇಳಿಯದೆಯೇ ಒಡತಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದರು.

ಮುಂದಿನ ಐದು ವಾರ ಅವರಿಗೆ ಊಟ ನಾನೇ ಮಾಡಿದೆ. ತಟ್ಟೆ ತೆಗೆದುಕೊಂಡು ಹೋಗಿ ಕೊಟ್ಟು ಬರುವುದೆಂದು ಶುರುವಾದದ್ದು, ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಣ್ಣುವುದಾಯಿತು. ಒಂದು ದಿನ ಅವರು ಪಾಂಪೇಯ ಇನ್ನೊಂದು ಮನೆಯ ಕಥೆ ಹೇಳಿದರು. ಜ್ವಾಲಾಮುಖಿ ಸಿಡಿಯುವ ಕೆಲವು ವರ್ಷಗಳ ಮುಂಚೆ ಅಲ್ಲಿ ದೊಡ್ಡ ಭೂಕಂಪವಾಗಿತ್ತಂತೆ. ಲೇವಾದೇವಿ ಮಾಡುವ ಒಬ್ಬನ ಮನೆಯಲ್ಲಿ, ದೇವರ ಗೂಡಿನ ಅಂಚಿಗೇ ಆ ಭೂಕಂಪವನ್ನು ಕೆತ್ತಿಸಿದ್ದರು. ದೇವಸ್ಥಾನದ ಕಂಬ ಓರೆಯಾಗಿದೆ, ನಗರದ ಬಾಗಿಲು ವಾಲಿದೆ, ಹೇಸರಗತ್ತೆಗಳು ಬೀಳುತ್ತಿವೆ. "ಬದುಕಿ ಉಳಿದೆವು ಎಂದು ಕೃತಜ್ಞತೆಗೆ ಕೆತ್ತಿಸಿದ್ದೋ, ಇನ್ನೊಂದು ಸಲ ಬೇಡ ಎಂಬ ಪ್ರಾರ್ಥನೆಯೋ, ನನಗೆ ತಿಳಿದಿರಲಿಲ್ಲ" ಎಂದರು. "ಈಗ ಅನಿಸುತ್ತದೆ, ಎರಡೂ ಅಲ್ಲವೇನೋ. ನಡೆದದ್ದನ್ನು ಮನೆಯವರಿಗೆ ಹೇಳಬೇಡವೇ, ಹಾಗೆ ದೇವರಿಗೆ ಹೇಳಿದ್ದಾರೆ."

ಅದೇ ದಿನ, ಎಡಗೈಯಲ್ಲಿ ಚಮಚ ಹಿಡಿದು ಅನ್ನ-ತೊವ್ವೆ ತಿನ್ನುತ್ತ ಇನ್ನೊಂದು ಮಾತನ್ನೂ ಹೇಳಿದರು. ಗಂಡ ಹೋದ ಮೇಲೆ ಹನ್ನೊಂದು ವರ್ಷ ಅವರು ಸಿಂಕಿನ ಮುಂದೆ ನಿಂತುಕೊಂಡೇ ತಿನ್ನುತ್ತಿದ್ದರಂತೆ. ಡಬ್ಬಿಯಿಂದ ನೇರವಾಗಿ, ಐದು ನಿಮಿಷದಲ್ಲಿ.

"ನಿಮ್ಮ ಅತ್ತೆಯವರ ಮಾತು ಕೇಳಿ ಲಾರ್‌ಗೆ ಉಪ್ಪು ಇಟ್ಟೆನಲ್ಲ, ಆ ಮೊದಲ ದಿನ ನನಗೆ ತೊಂದರೆಯಾಯಿತು. ಅವನ ಪಾಲು ತೆಗೆಯಬೇಕಾದರೆ ಊಟವನ್ನು ಒಂದು ತಟ್ಟೆಗೆ ಹಾಕಬೇಕು. ತಟ್ಟೆಗೆ ಹಾಕಿದರೆ ಕೂರಬೇಕು. ಕೂತೆ. ಆವತ್ತಿನಿಂದ ಕೂತೇ ಉಣ್ಣುತ್ತಿದ್ದೇನೆ. ನಂಬಿಕೆ ಬಂದಿಲ್ಲ. ಅವರಿಗೆ ಬರೆಯುವಾಗ ಇದನ್ನು ಬರೆಯಿರಿ."

ಬರೆದೆ. ಅತ್ತೆಯ ಉತ್ತರದಲ್ಲಿ ಆ ಬಗ್ಗೆ ಒಂದೇ ಸಾಲಿತ್ತು: 'ಅಕ್ಕೋರು ಕೂತು ಉಣ್ಣಾಕತ್ತಾರ ಅಂದ್ರ ಛಲೋ ಆತು.'

ಮನೆಯ ಚಿಮಣಿ ಬಿರಿದಿತ್ತು, ಅಡಿಪಾಯವೂ ಒಂದು ಕಡೆ ಕುಸಿದಿತ್ತು. ರಿಪೇರಿ ತಮ್ಮಿಂದಾಗದೆಂದು ಒಡತಿ ಮನೆ ಮಾರಿ ಸ್ಯಾಕ್ರಮೆಂಟೋದಲ್ಲಿದ್ದ ಸೋದರಸೊಸೆಯ ಮನೆಗೆ ಹೋಗಲು ಒಪ್ಪಿದರು. ನಾವು ಮಗಳ ಶಾಲೆಗೆಂದು ಕ್ಯುಪರ್ಟಿನೋದಲ್ಲಿ ಮನೆ ನೋಡಿಕೊಂಡೆವು. ಡಿಸೆಂಬರಿನ ಒಂದು ಶನಿವಾರ ಬಾಡಿಗೆ ಟ್ರಕ್ಕು ತಂದು ನಮ್ಮವರು ಮೊದಲು ಸೋಫಾ ಇಳಿಸಲು ಹೊರಟಾಗ ಒಡತಿ ಕೆಳಗಿನಿಂದ ಕೂಗಿ ನಿಲ್ಲಿಸಿದರು. "ಮೊದಲು ದೇವರು. ಆಮೇಲೆ ಮಂಚ" ಎಂದರು. ನಮ್ಮಲ್ಲೂ ಪದ್ಧತಿ ಅದೇ, ಅವಸರದಲ್ಲಿ ನಾವೇ ಮರೆತಿದ್ದೆವು. ಅನ್ನಪೂರ್ಣೆ, ಕೃಷ್ಣ, ಒಡೆದ ಗಾಜಿನ ಬನಶಂಕರಿಯನ್ನು ಮಡಿಲಲ್ಲಿಟ್ಟುಕೊಂಡು ನಾನು ಕಾರಿನಲ್ಲಿ ಕೂತೆ. ಪಕ್ಕದಲ್ಲಿ ಒಡತಿಯನ್ನೂ ಕೂರಿಸಿಕೊಂಡೆ, ಹಾಲುಕ್ಕಿಸುವುದನ್ನು ನೋಡಲಿ ಎಂದು.

ಹೊಸ ಮನೆಯಲ್ಲಿ ಒಂದು ಗೂಡೂ ಇರಲಿಲ್ಲ. ಎಲ್ಲ ತೆಳು ಗೋಡೆ. ಕರೆಂಟಿನ ಒಲೆಯ ಮೇಲೆ ಹಾಲಿಟ್ಟು ಕಾದೆವು. ಅದು ಬಿಸಿಯಾಗುವುದೇ ನಿಧಾನ. ಮಗಳು ಸ್ಟೂಲಿನ ಮೇಲೆ ನಿಂತು, "ನೌ? ನೌ?" ಎನ್ನುತ್ತಿದ್ದಳು. ಕೊನೆಗೆ ಹಾಲು ಉಕ್ಕಿ ಒಲೆಯ ಮೇಲೆ ಚುರ್ ಎಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಒಡತಿ, ಪ್ಲಾಸ್ಟರಿನಿಂದ ಆಗಷ್ಟೆ ಹೊರಬಂದ ಕೈಯಲ್ಲಿ. ನೋವಾಯಿತೆಂದು ಕಾಣುತ್ತದೆ, ಮಣಿಕಟ್ಟು ಹಿಡಿದುಕೊಂಡೇ ನಕ್ಕರು.

ಸ್ಯಾಕ್ರಮೆಂಟೋದಿಂದ ಅವರು ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದರು. ಏಳೆಂಟು ವರ್ಷ ಬರೆದರು. ಒಂದು ಬೇಸಿಗೆಯಲ್ಲಿ, ಒಡತಿ ತೀರಿಕೊಂಡರೆಂದು ಸೋದರಸೊಸೆಯಿಂದ ಪತ್ರ ಬಂತು. ಅತ್ತೆಗೆ ಫೋನಿನಲ್ಲಿ ಹೇಳಿದೆ. ಅವರು ಅಕ್ಕೋರ ಪೂರ್ತಿ ಹೆಸರನ್ನು ಎರಡು ಸಲ ಹೇಳಿಸಿಕೊಂಡರು.

ಆ ವರ್ಷ ಪಿತೃಪಕ್ಷದಲ್ಲಿ ಮಾವನ ಶ್ರಾದ್ಧದ ದಿನ ಅತ್ತೆ ಭಟ್ಟರಿಗೆ ಇನ್ನೊಂದು ಹೆಸರು ಹೇಳಿ, ಅದಕ್ಕೂ ಎಳ್ಳುನೀರು ಬಿಡಿಸಬೇಕೆಂದರಂತೆ. ಊರಿನಲ್ಲಿದ್ದ ಮೈದುನ ಆಮೇಲೆ ನನಗೆ ಹೇಳಿದರು. ಹೆಸರು ಉಚ್ಚರಿಸಲು ಭಟ್ಟರು ಒದ್ದಾಡಿದರಂತೆ. ಗೋತ್ರ ಯಾವುದೆಂದು ಕೇಳಿದರಂತೆ.

"ನಮ್ಮದ ಹೇಳ್ರಿ" ಅಂದರಂತೆ ಅತ್ತೆ.